ಪ್ರತಿ ರೇಡಿಯೊಗೂ ಅದರದ್ದೇ ಒಂದು ಸುಳ್ಳು: ಹತ್ತಿರದ ಟ್ರ್ಯಾಕಿಂಗ್‌ಗೆ ಯಾವುದನ್ನು ಆರಿಸಬೇಕು?

ಕೆಲವು ವರ್ಷಗಳ ಹಿಂದೆ ಒಂದು ವಸ್ತುಪ್ರದರ್ಶನಕ್ಕೆ ಆಪ್ ಮಾಡುವ ತಂಡದಲ್ಲಿದ್ದೆ. ಹಾಲಿನಲ್ಲಿ ಓಡಾಡುವವರು ಯಾವ ವಸ್ತುವಿನ ಮುಂದೆ ನಿಂತರೂ ಅದರ ವಿವರ ಅವರ ಫೋನ್‌ನಲ್ಲಿ ತಾನಾಗಿ ತೆರೆದುಕೊಳ್ಳಬೇಕು. ಗೋಡೆಗಳಿಗೆ ಬ್ಲೂಟೂತ್ ಬೀಕನ್, ಅಂದರೆ ತನ್ನ ಗುರುತನ್ನು ಆಗಾಗ ಕೂಗುವ ಪುಟ್ಟ ರೇಡಿಯೊ, ಅಂಟಿಸಿದೆವು. ಹಿಂದಿನ ರಾತ್ರಿ ಖಾಲಿ ಹಾಲಿನಲ್ಲಿ ನಡೆದು ನೋಡಿದಾಗ ಎಲ್ಲವೂ ಸರಿಯಾಗಿತ್ತು. ಬೆಳಗ್ಗೆ ಜನ ತುಂಬಿದರು. ಆಪ್‌ಗೆ ತಲೆ ಕೆಟ್ಟಿತು. ಎದುರಿಗಿದ್ದ ವಸ್ತುವನ್ನು ಬಿಟ್ಟು ಬೆನ್ನ ಹಿಂದಿನ ಗೋಡೆಯದ್ದನ್ನು ತೋರಿಸತೊಡಗಿತು. ಎರಡು ದಿನ ಕೋಡ್‌ನಲ್ಲಿ ಬಗ್ ಹುಡುಕಿದೆವು. ಕೋಡ್ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಅಲ್ಲಿ ನಿಂತಿದ್ದ ಜನರಿಂದ. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ಆ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ.

ಇಂಥ ಕೆಲಸ ಕೈಗೆ ಬಂದಾಗ ನಾವು ಡೆವಲಪರ್‌ಗಳು ಮೊದಲು ಕೇಳುವುದು "ನಿಖರತೆ ಎಷ್ಟು?" ಎಂದು. ಮಾರುವವರ ಬಳಿ ಉತ್ತರ ಸಿದ್ಧ ಇರುತ್ತದೆ. ಇದು ಇಷ್ಟು ಮೀಟರ್, ಅದು ಇಷ್ಟು ಸೆಂಟಿಮೀಟರ್. ಒಂದು ಪಟ್ಟಿ ಮಾಡಿ ಹೋಲಿಸಿದರೆ ಆಯ್ಕೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ತಪ್ಪಿದಾಗ ಇದು ಯಾವ ರೀತಿ ತಪ್ಪುತ್ತದೆ? ಒಂದು ತಂತ್ರಜ್ಞಾನ ದೂರದ ಬಗ್ಗೆ ಬಾಯಿಗೆ ಬಂದ ಹಾಗೆ ಹೇಳುತ್ತದೆ. ಇನ್ನೊಂದು ತಪ್ಪಿದರೆ ದೂರವನ್ನು ಜಾಸ್ತಿ ಮಾಡಿಯೇ ಹೇಳುತ್ತದೆ. ಮತ್ತೊಂದು, ಕಣ್ಣೆದುರಿಗೆ ಇರುವ ವಸ್ತು ಇಲ್ಲವೇ ಇಲ್ಲ ಎನ್ನುತ್ತದೆ. ಇವುಗಳಲ್ಲಿ ಯಾವ ಸುಳ್ಳನ್ನು ನಿಮ್ಮ ಸಾಫ್ಟ್‌ವೇರ್ ತಡೆದುಕೊಂಡೀತು ಎಂದು ಗೊತ್ತಾದರೆ ಆಯ್ಕೆ ಬಹುಪಾಲು ಆದ ಹಾಗೆ.

ಅದಕ್ಕೂ ಮೊದಲು, ಕೇಳುತ್ತಿರುವ ಪ್ರಶ್ನೆ ಏನು ಎಂದು ಒಮ್ಮೆ ಬರೆದಿಟ್ಟುಕೊಳ್ಳಿ. "ಇಲ್ಲಿ ಇದೆಯಾ?" ಎನ್ನುವುದು ಒಂದು. "ಇವುಗಳಲ್ಲಿ ಯಾವುದು?" ಎನ್ನುವುದು ಬೇರೆ. "ಎಷ್ಟು ದೂರ?", "ಯಾವ ದಿಕ್ಕಿಗೆ?" ಎನ್ನುವವು ಮತ್ತೂ ಬೇರೆ. ನಮ್ಮ ಆಪ್‌ಗೆ ಬೇಕಿದ್ದದ್ದು ಎರಡನೆಯದು. ನಾವು ಸುಮ್ನೆ ಮೂರನೆಯದನ್ನು ಕೇಳುತ್ತಾ ಕೂತಿದ್ದೆವು.

ಬ್ಲೂಟೂತ್: ಕೂಗಿನಿಂದ ದೂರ ಊಹಿಸುವುದು

ಕಡಿಮೆ ಶಕ್ತಿಯ ಬ್ಲೂಟೂತ್, ಅಂದರೆ ಬಿಎಲ್ಇ, 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂತು. ಒಟ್ಟು 40 ಚಾನೆಲ್. ಅದರಲ್ಲಿ 3 ಚಾನೆಲ್ "ನಾನು ಇಲ್ಲಿದ್ದೇನೆ" ಎಂದು ಕೂಗಲು ಮೀಸಲು. ಬೀಕನ್ ಮಾಡುವ ಕೆಲಸ ಇಷ್ಟೇ: ಒಂದು ಸಣ್ಣ ಪ್ಯಾಕೆಟ್ ಕೂಗುವುದು, ಮತ್ತೆ ನಿದ್ದೆ ಹೋಗುವುದು. ಆ ಮೂಲ ಪ್ಯಾಕೆಟ್‌ನಲ್ಲಿ ಮಾಹಿತಿಗೆ ಇರುವ ಜಾಗ 31 ಬೈಟ್. ಆಪಲ್ 2013ರಲ್ಲಿ ತಂದ ಐಬೀಕನ್ ಅದರೊಳಗೆ 16 ಬೈಟ್‌ನ ಒಂದು ಗುರುತು, ತಲಾ 2 ಬೈಟ್‌ನ ಎರಡು ಸಂಖ್ಯೆ, ಕೊನೆಗೆ 1 ಬೈಟ್ ಇಟ್ಟಿತು. ಆ ಕೊನೆಯ ಬೈಟ್ ಹೇಳುವುದು, ಒಂದು ಮೀಟರ್ ದೂರದಲ್ಲಿ ಈ ಬೀಕನ್ ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು. ಎಲ್ಲ ಎಡವಟ್ಟೂ ಶುರುವಾಗುವುದು ಅಲ್ಲಿಂದಲೇ. ಆ ಬೈಟ್ ಇದೆಯಲ್ಲ ಎಂದು ನಾವು ದೂರದ ಲೆಕ್ಕ ಹಾಕಲು ಕೂರುತ್ತೇವೆ.

ಕತ್ತಲಲ್ಲಿ ಯಾರೋ ಕೂಗಿದರು ಅಂದುಕೊಳ್ಳಿ. ದನಿ ಎಷ್ಟು ಜೋರಾಗಿ ಕೇಳಿತು ಎನ್ನುವುದರಿಂದ ಅವರು ಎಷ್ಟು ದೂರ ಇದ್ದಾರೆ ಎಂದು ಊಹಿಸಬಹುದು. ಆದರೆ ಕೂಗಿದವರು ಬಾಗಿಲ ಹಿಂದೆ ಇದ್ದರೋ, ಆ ಕಡೆ ಮುಖ ಮಾಡಿದ್ದರೋ, ಬಂದದ್ದು ಬಂಡೆಗೆ ತಾಗಿ ಮರಳಿದ ದನಿಯೋ ಗೊತ್ತಾಗುವುದಿಲ್ಲ. ಸಿಗ್ನಲ್‌ನ ಬಲದಿಂದ ದೂರ ಅಳೆಯುವುದೂ ಹೀಗೆಯೇ.

ಲೆಕ್ಕದಲ್ಲೇ ಒಂದು ಕಿರಿಕಿರಿ ಇದೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸಿಗ್ನಲ್ 6 ಡೆಸಿಬಲ್ ಇಳಿಯುತ್ತದೆ. 1 ಮೀಟರ್‌ನಿಂದ 2 ಮೀಟರ್‌ಗೆ ಹೋದರೆ 6 ಡೆಸಿಬಲ್. 10ರಿಂದ 11 ಮೀಟರ್‌ಗೆ ಹೋದರೆ 1 ಡೆಸಿಬಲ್ ಕೂಡ ಇಲ್ಲ. ಫೋನ್ ಕೊಡುವ ಸಂಖ್ಯೆಯೋ ನಿಂತಲ್ಲೇ ನಿಂತರೂ ಹಲವು ಡೆಸಿಬಲ್ ಆಚೀಚೆ ಓಲಾಡುತ್ತಿರುತ್ತದೆ. ಮೂರು ಚಾನೆಲ್‌ಗಳಲ್ಲಿ ಅದು ಒಂದೊಂದು ಥರ ಇರುತ್ತದೆ. ಯಾವ ಚಾನೆಲ್‌ನಲ್ಲಿ ಕೇಳಿದ್ದು ಎಂದು ಫೋನ್ ಆಪ್‌ಗೆ ಹೇಳುವುದೇ ಇಲ್ಲ. ನಡುವೆ ಒಬ್ಬ ಮನುಷ್ಯ ಬಂದು ನಿಂತರೆ 10 ಡೆಸಿಬಲ್ ಹೋಗುವುದು ಸಾಮಾನ್ಯ. ಬಯಲಿನ ಸೂತ್ರಕ್ಕೆ ಹಾಕಿದರೆ 10 ಡೆಸಿಬಲ್ ಅಂದರೆ ಮೂರು ಪಟ್ಟು ದೂರ. ನೀವು ಬೀಕನ್‌ಗೆ ಬೆನ್ನು ಹಾಕಿದಿರಿ ಅಷ್ಟೇ, ಒಂದು ಮೀಟರ್ ಇದ್ದದ್ದು ಮೂರು ಮೀಟರ್ ಆಯಿತು. ನಮ್ಮ ಹಾಲಿನಲ್ಲಿ ನಡೆದದ್ದು ಇದೇ. ವಸ್ತುವಿನ ಮುಂದೆ ಗುಂಪು ಸೇರಿದಷ್ಟೂ ಅದರ ಬೀಕನ್ ದೂರ ಸರಿಯುತ್ತಿತ್ತು. ಚೆನ್ನಾಗಿರುವ ವಸ್ತುವೇ ಕಳೆದುಹೋಗುತ್ತಿತ್ತು!

2020ರಲ್ಲಿ ಇದೇ ಪಾಠ ದೊಡ್ಡ ಮಟ್ಟದಲ್ಲಿ ಕಾಣಿಸಿತು. ಕೋವಿಡ್ ಸಮಯದಲ್ಲಿ ಆಪಲ್ ಮತ್ತು ಗೂಗಲ್ ಸೇರಿ, ಯಾರ ಹತ್ತಿರ ಯಾರಿದ್ದರು ಎಂದು ಬ್ಲೂಟೂತ್‌ನಿಂದ ಊಹಿಸುವ ವ್ಯವಸ್ಥೆ ತಂದವು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಅದನ್ನು ಒಂದು ಟ್ರಾಮ್ ಬೋಗಿಯೊಳಗೆ ಅಳೆದು ನೋಡಿದರು. ಲೋಹದ ಗೋಡೆಗಳ ನಡುವೆ ಸಿಗ್ನಲ್‌ನ ಬಲಕ್ಕೂ ದೂರಕ್ಕೂ ಸಂಬಂಧವೇ ಸರಿಯಾಗಿ ಕಾಣಲಿಲ್ಲ. ಎಲ್ಲೆಲ್ಲಿಗೋ ತಾಗಿ ಬಂದ ಅಲೆಗಳು ಲೆಕ್ಕವನ್ನು ಕಲಸಿಬಿಟ್ಟಿದ್ದವು.

ಹಾಗಾದರೆ ಬೀಕನ್ ಬೇಡವಾ? ಹಾಗಲ್ಲ. "ಇಲ್ಲಿ ಇದೆಯಾ?" ಎನ್ನುವ ಪ್ರಶ್ನೆಗೆ ಇದಕ್ಕಿಂತ ಸುಲಭದ ಉತ್ತರ ಇನ್ನೊಂದಿಲ್ಲ. ಎಲ್ಲ ಫೋನ್‌ನಲ್ಲೂ ಇದೆ. ಒಂದು ಬಟನ್ ಸೆಲ್ ಹಾಕಿದರೆ, ಸೆಕೆಂಡಿಗೆ ಒಮ್ಮೆ ಕೂಗುವ ಬೀಕನ್ ವರ್ಷದ ಮೇಲೆ ನಡೆಯುತ್ತದೆ. ಮೀಟರ್ ಲೆಕ್ಕ ಬಿಟ್ಟು "ತುಂಬಾ ಹತ್ತಿರ", "ಆಸುಪಾಸು", "ಇಲ್ಲ" ಎಂಬ ಮೂರೇ ಸ್ಥಿತಿ ಇಟ್ಟುಕೊಳ್ಳಿ. ಒಳಗೆ ಬಂದ ಎಂದು ಒಪ್ಪುವ ಗಡಿಯನ್ನು ಬಿಗಿಯಾಗಿಡಿ, ಹೊರಗೆ ಹೋದ ಎಂದು ಒಪ್ಪುವ ಗಡಿಯನ್ನು ಸಡಿಲವಾಗಿಡಿ. ಎರಡೂ ಗಡಿ ಒಂದೇ ಆದರೆ ಬಾಗಿಲಲ್ಲಿ ನಿಂತವನು ನಿಮಿಷಕ್ಕೆ ಹತ್ತು ಸಲ ಒಳಗೆ ಬಂದು ಹೊರಗೆ ಹೋದ ಎಂದು ಲಾಗ್ ಆಗುತ್ತದೆ. ಕಾಲ್ಮನ್ ಫಿಲ್ಟರ್, ಅಂದರೆ ಓಲಾಡುವ ಅಳತೆಗಳಿಂದ ನಿಜವಾದದ್ದನ್ನು ಊಹಿಸುವ ಲೆಕ್ಕ, ಹಾಕಿದರೆ ಸರಿಹೋಗುತ್ತದೆ ಎನ್ನುವವರು ಇದ್ದಾರೆ. ಅದು ಓಲಾಟವನ್ನು ಕಡಿಮೆ ಮಾಡುತ್ತದೆ ನಿಜ. ಅಡ್ಡ ನಿಂತ ಮನುಷ್ಯನನ್ನು ಮಾತ್ರ ತೆಗೆಯುವುದಿಲ್ಲ. ಸುಳ್ಳು ಸಂಖ್ಯೆ ನಯವಾಗಿ ಕಾಣುತ್ತದೆ ಅಷ್ಟೇ, ಜೊತೆಗೆ ಎರಡು ಸೆಕೆಂಡ್ ತಡವಾಗಿ ಬರುತ್ತದೆ.

ಇನ್ನೊಂದು ವಿಷಯ. ಐಬೀಕನ್‌ನ ಗುರುತು ಎಲ್ಲರಿಗೂ ಕೇಳುವಂತೆ ಕೂಗುವ ಗುರುತು. ಯಾರು ಬೇಕಾದರೂ ಅದನ್ನು ಕೇಳಿಸಿಕೊಂಡು, ಇನ್ನೊಂದು ಊರಿನಲ್ಲಿ ಕೂತು ಅದನ್ನೇ ಕೂಗಬಹುದು. ಹಾಜರಿ ಹಾಕಲೋ ಬಾಗಿಲು ತೆರೆಯಲೋ ಅದೊಂದನ್ನೇ ನಂಬಿದರೆ ಕಷ್ಟ.

ರೇಡಿಯೊಗಿಂತ ದೊಡ್ಡ ಯಜಮಾನ

ರೇಡಿಯೊ ಏನು ಮಾಡಬಲ್ಲದು ಎನ್ನುವುದು ಒಂದು. ಫೋನ್‌ನ ಆಪರೇಟಿಂಗ್ ಸಿಸ್ಟಂ ಏನನ್ನು ಮಾಡಲು ಬಿಡುತ್ತದೆ ಎನ್ನುವುದು ಇನ್ನೊಂದು. ಆಪ್ ಬರೆಯುವವರಿಗೆ ಎರಡನೆಯದೇ ಜಾಸ್ತಿ ಕಾಡುವುದು. ತಂತ್ರಜ್ಞಾನಗಳ ಹೋಲಿಕೆ ಪಟ್ಟಿಗಳಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇರುವುದಿಲ್ಲ.

ಐಫೋನ್‌ನಲ್ಲಿ ಐಬೀಕನ್‌ಗಳು ಸಾಮಾನ್ಯ ಬ್ಲೂಟೂತ್ ಸ್ಕ್ಯಾನ್‌ಗೆ ಕಾಣುವುದಿಲ್ಲ. ಲೊಕೇಶನ್ ವ್ಯವಸ್ಥೆಯ ಮೂಲಕವೇ ಕೇಳಬೇಕು. ಅದಕ್ಕೆ ಲೊಕೇಶನ್ ಅನುಮತಿ ಬೇಕು. ಒಂದು ಆಪ್ ಒಮ್ಮೆಗೆ 20 ಪ್ರದೇಶಗಳನ್ನು ಮಾತ್ರ ಕಾಯಬಹುದು, ಒಂದು ಗುರುತು ಕೇಳಿಸುವ ಜಾಗವೇ ಒಂದು ಪ್ರದೇಶ. ಬೀಕನ್ ಬಿಟ್ಟು ಹೊರಟರೆ "ಹೋದ" ಎಂಬ ಸುದ್ದಿ ತಕ್ಷಣ ಬರುವುದಿಲ್ಲ, ಅರ್ಧ ನಿಮಿಷದಷ್ಟು ತಡವಾಗಬಹುದು. ನೂರು ಕೋಣೆಗೆ ನೂರು ಬೇರೆ ಬೇರೆ ದೊಡ್ಡ ಗುರುತು ಕೊಟ್ಟು ಕೂತವರನ್ನು ನೋಡಿದ್ದೇನೆ. ಒಂದೇ ದೊಡ್ಡ ಗುರುತು, ಕೋಣೆಗೆ ಒಂದೊಂದು ಚಿಕ್ಕ ಸಂಖ್ಯೆ ಎಂದು ಮಾಡಿದ್ದರೆ ಕಾಯುವುದು ಒಂದೇ ಪ್ರದೇಶ ಆಗುತ್ತಿತ್ತು.

ಆಂಡ್ರಾಯ್ಡ್‌ನ ಕಥೆ ಬೇರೆ. 7ನೇ ಆವೃತ್ತಿಯಿಂದ, 30 ಸೆಕೆಂಡ್‌ನಲ್ಲಿ 5ಕ್ಕಿಂತ ಜಾಸ್ತಿ ಸಲ ಸ್ಕ್ಯಾನ್ ಶುರು ಮಾಡಿದರೆ ಮುಂದಿನ ಸ್ಕ್ಯಾನ್‌ಗೆ ಏನೂ ಸಿಗುವುದಿಲ್ಲ. ಆಪ್‌ಗೆ ದೋಷವೂ ಬರುವುದಿಲ್ಲ, ಬರೀ ಮೌನ. 8.1ರಿಂದ, ಏನನ್ನು ಹುಡುಕಬೇಕು ಎಂಬ ಫಿಲ್ಟರ್ ಕೊಡದ ಸ್ಕ್ಯಾನ್ ಸ್ಕ್ರೀನ್ ಆರಿದ ಕೂಡಲೇ ನಿಲ್ಲುತ್ತದೆ. 12ರಿಂದ ಬ್ಲೂಟೂತ್ ಸ್ಕ್ಯಾನ್‌ಗೆ ಬೇರೆಯದೇ ಅನುಮತಿ ಬಂತು. "ನಾನು ಜಾಗ ತಿಳಿಯಲು ಇದನ್ನು ಬಳಸುವುದಿಲ್ಲ" ಎಂದು ಆಪ್‌ನಲ್ಲಿ ಬರೆದುಕೊಟ್ಟರೆ ಲೊಕೇಶನ್ ಅನುಮತಿ ಬೇಕಾಗುವುದಿಲ್ಲ. ಅನುಕೂಲ ಅಲ್ವಾ ಎಂದು ಹಾಗೆ ಬರೆದವರಿಗೆ ಆಮೇಲೆ ಬೀಕನ್‌ಗಳೇ ಕಾಣುವುದಿಲ್ಲ. ಕೆಲವು ಬೀಕನ್‌ಗಳನ್ನು ಸಿಸ್ಟಂ ಆ ಮಾತಿನ ಮೇಲೆ ಸೋಸಿ ತೆಗೆದುಬಿಡುತ್ತದೆ.

ಟ್ಯಾಗ್ ನಿಮ್ಮದಲ್ಲದಿದ್ದರೆ, ಅಂದರೆ ಬೇರೆಯವರ ಫೋನ್‌ಗಳನ್ನು ಎಣಿಸುವುದೋ ಹಿಂಬಾಲಿಸುವುದೋ ಉದ್ದೇಶವಾದರೆ, ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಫೋನ್‌ಗಳು ಬ್ಲೂಟೂತ್ ವಿಳಾಸವನ್ನು ಆಗಾಗ ಬದಲಿಸುತ್ತಿರುತ್ತವೆ. ವೈಫೈ ವಿಳಾಸವನ್ನೂ ಹಾಗೆಯೇ. ಮುಚ್ಚಿದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಕಳೆದ ವಸ್ತು ಹುಡುಕುವ ಟ್ಯಾಗ್‌ಗಳನ್ನು ಬಳಸಿ ಜನರನ್ನು ಕದ್ದು ಹಿಂಬಾಲಿಸಿದ ಪ್ರಕರಣಗಳು ಬಂದ ಮೇಲೆ, 2024ರ ಮೇ ತಿಂಗಳಿಂದ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ, ಗೊತ್ತಿಲ್ಲದ ಟ್ಯಾಗ್ ನಿಮ್ಮ ಜೊತೆ ಸಾಗುತ್ತಿದ್ದರೆ ಎಚ್ಚರಿಕೆ ಬರುತ್ತದೆ. ನೀವು ಹೊಸ ಟ್ಯಾಗ್ ಮಾಡುವ ಯೋಚನೆಯಲ್ಲಿದ್ದರೆ ಆ ನಿಯಮಗಳನ್ನು ಮೊದಲ ದಿನವೇ ಓದಿ.

ಯುಡಬ್ಲ್ಯೂಬಿ: ಬೆಳಕಿಗೆ ಅವಸರ ಮಾಡಲಾಗದು

ಅಲ್ಟ್ರಾ ವೈಡ್‌ಬ್ಯಾಂಡ್, ಅಂದರೆ ಯುಡಬ್ಲ್ಯೂಬಿ, ಸಿಗ್ನಲ್‌ನ ಬಲವನ್ನು ನೋಡುವುದೇ ಇಲ್ಲ. ಅದು ಸಮಯ ಅಳೆಯುತ್ತದೆ. ರೇಡಿಯೊ ಅಲೆ 1 ನ್ಯಾನೊಸೆಕೆಂಡ್‌ಗೆ 30 ಸೆಂಟಿಮೀಟರ್ ಹೋಗುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನಿಖರವಾಗಿ ತಿಳಿದರೆ ದೂರ ಸಿಕ್ಕಿತು. ಇಷ್ಟು ಸೂಕ್ಷ್ಮವಾಗಿ ಅಳೆಯಲು ಮಿಡಿತ ತುಂಬಾ ಚಿಕ್ಕದಿರಬೇಕು. ಮಿಡಿತ ಚಿಕ್ಕದಾಗಬೇಕಾದರೆ ತರಂಗದ ಹರವು (ಬ್ಯಾಂಡ್‌ವಿಡ್ತ್) ಅಗಲ ಇರಬೇಕು. ಇಲ್ಲಿ ಆ ಅಗಲ 500 ಮೆಗಾಹರ್ಟ್ಸ್‌ನಷ್ಟು. ಫೋನ್‌ಗಳಲ್ಲಿ ಇದು 6.5 ಮತ್ತು 8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ.

ಚಿಕ್ಕ ಮಿಡಿತದಿಂದ ಇನ್ನೊಂದು ಲಾಭ. ನೇರವಾಗಿ ಬಂದ ಮಿಡಿತ ಮೊದಲು ಬರುತ್ತದೆ, ಗೋಡೆಗೆ ತಾಗಿ ಬಂದದ್ದು ಆಮೇಲೆ ಬರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಬ್ಲೂಟೂತ್ ಟ್ರಾಮ್‌ನಲ್ಲಿ ಸೋತದ್ದು ಇಲ್ಲಿಯೇ, ಅದಕ್ಕೆ ಎಲ್ಲ ದನಿಯೂ ಒಂದೇ ಗದ್ದಲ.

ಗಡಿಯಾರಗಳ ವಿಷಯ ಇಲ್ಲಿ ಸ್ವಾರಸ್ಯವಾಗಿದೆ. ಎರಡು ಸಾಧನಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ, ಮಾಮೂಲಿ ಕ್ರಿಸ್ಟಲ್‌ಗೆ ಇದು ದೊಡ್ಡದಲ್ಲ. ಪ್ರಶ್ನೆ ಕೇಳಿದ 1 ಮಿಲಿಸೆಕೆಂಡ್ ನಂತರ ಆ ಕಡೆಯಿಂದ ಉತ್ತರ ಬಂದರೆ, ಅಷ್ಟರಲ್ಲಿ ಸೇರುವ ತಪ್ಪು 3 ಮೀಟರ್! ಅದಕ್ಕೇ ಒಂದು ಸಲ ಹೋಗಿ ಬಂದರೆ ಸಾಲದು, ಎರಡೂ ಕಡೆಯಿಂದ ಅಳೆದು ಗಡಿಯಾರದ ವ್ಯತ್ಯಾಸ ಕಳೆಯುವ ಕ್ರಮ ಇದೆ. ಫೋನ್ ಆಪ್ ಬರೆಯುವವರು ಇದನ್ನು ಕೈಯಾರೆ ಬರೆಯಬೇಕಿಲ್ಲ. ಆದರೆ ಸ್ವಂತ ಬೋರ್ಡ್ ಇಟ್ಟುಕೊಂಡು ಪ್ರಯೋಗ ಮಾಡುವಾಗ ಯಾವಾಗಲೂ ಮೂರು ಮೀಟರ್ ಜಾಸ್ತಿ ಬರುತ್ತಿದೆ ಎಂದು ತಲೆ ಕೆರೆದುಕೊಳ್ಳುವವರು ಮೊದಲು ಇಲ್ಲಿ ನೋಡಲಿ.

ಸುಳ್ಳಿನ ವಿಷಯಕ್ಕೆ ಬಂದರೆ, ಯುಡಬ್ಲ್ಯೂಬಿಯ ಸುಳ್ಳು ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗುತ್ತದೆ. ನೇರ ದಾರಿಗೆ ಮೈ ಅಡ್ಡ ಬಂದರೆ, ತಾಗಿ ಬಂದ ಮಿಡಿತವನ್ನೇ ಮೊದಲನೆಯದು ಎಂದುಕೊಂಡು ದೂರ ಜಾಸ್ತಿ ಹೇಳುತ್ತದೆ. ಇಲ್ಲವೇ ಸುಮ್ಮನಾಗುತ್ತದೆ. ಇರುವುದಕ್ಕಿಂತ ತುಂಬಾ ಹತ್ತಿರ ಎಂದು ಅದು ತಾನಾಗಿ ಹೇಳುವುದು ಅಪರೂಪ, ಯಾಕೆಂದರೆ ಬೆಳಕಿಗಿಂತ ಬೇಗ ಯಾವುದೂ ಬರಲಾರದು. ಬಾಗಿಲು ತೆರೆಯುವ ಕೆಲಸಕ್ಕೆ ಇದು ದೊಡ್ಡ ಗುಣ. ಕಾರಿನ ಕೀ ಮನೆಯೊಳಗಿರುವಾಗಲೇ ಅದರ ಸಿಗ್ನಲ್ ಅನ್ನು ಮಧ್ಯದಲ್ಲಿ ಹಿಡಿದು ಕಾರಿನ ಬಳಿಗೆ ಸಾಗಿಸುವ ಕಳ್ಳತನ ಇದೆಯಲ್ಲ, ಬ್ಲೂಟೂತ್ ಬೀಗಗಳ ಮೇಲೂ ಅದು ನಡೆಯುತ್ತದೆ ಎಂದು 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಭದ್ರತಾ ಸಂಸ್ಥೆ ತೋರಿಸಿತ್ತು. ಸಿಗ್ನಲ್‌ನ ಬಲವನ್ನು ಹೆಚ್ಚಿಸಬಹುದು, ಸಮಯವನ್ನು ಹಿಂದಕ್ಕೆ ತಳ್ಳುವುದು ಕಷ್ಟ. ಯುಡಬ್ಲ್ಯೂಬಿಗೆ ಬಂದ 2020ರ 802.15.4ಝೆಡ್ ಮಾನಕ ಮಿಡಿತಗಳ ಸಾಲನ್ನೇ ಗುಟ್ಟಾಗಿಟ್ಟು ಇದನ್ನು ಇನ್ನಷ್ಟು ಬಿಗಿ ಮಾಡಿತು. ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಫೋನ್‌ನಲ್ಲಿರುವ ಚಿಪ್‌ಗಳೇ ಆಗೊಮ್ಮೆ ಈಗೊಮ್ಮೆ ದೂರವನ್ನು ಕಡಿಮೆ ಹೇಳುವಂತೆ ಸಂಶೋಧಕರು ಮಾಡಿ ತೋರಿಸಿದ್ದಾರೆ. ಒಂದೇ ಅಳತೆ ನೋಡಿ ಬೀಗ ತೆಗೆಯಬೇಡಿ. ಬೆನ್ನುಬೆನ್ನಿಗೆ ಕೆಲವು ಅಳತೆ ಒಪ್ಪಲಿ.

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಇದನ್ನೇ ಬಳಸಬಹುದಲ್ವಾ? ತೊಡಕುಗಳಿವೆ. ಆಪಲ್ 2019ರಲ್ಲಿ ಐಫೋನ್ 11ರಿಂದ ಶುರು ಮಾಡಿತು. ಆಂಡ್ರಾಯ್ಡ್‌ನಲ್ಲಿ ಇವತ್ತಿಗೂ ದುಬಾರಿ ಮಾದರಿಗಳಲ್ಲೇ ಜಾಸ್ತಿ. ಕೆಲವು ದೇಶಗಳ ನಿಯಮ ಒಪ್ಪದ ಕಡೆ ಫೋನ್ ಅದನ್ನು ತಾನೇ ಆಫ್ ಮಾಡಿಬಿಡುತ್ತದೆ. ವಿದ್ಯುತ್ ಜಾಸ್ತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಫೋನ್‌ನಲ್ಲಿ ಯುಡಬ್ಲ್ಯೂಬಿ ಒಂಟಿಯಾಗಿ ನಡೆಯುವುದಿಲ್ಲ. ಎದುರಿನವರು ಯಾರು, ಯಾವ ಕೀ, ಯಾವ ಚಾನೆಲ್ ಎಂದು ಮೊದಲು ಬೇರೆ ದಾರಿಯಲ್ಲಿ ಮಾತಾಡಿಕೊಳ್ಳಬೇಕು. ಆ ದಾರಿ ಸಾಮಾನ್ಯವಾಗಿ ಬ್ಲೂಟೂತ್. ಕಳೆದ ವಸ್ತು ಹುಡುಕುವ ಆಪಲ್‌ನ ಏರ್‌ಟ್ಯಾಗ್ ಒಂದೇ ಬಟನ್ ಸೆಲ್‌ನಲ್ಲಿ ವರ್ಷದ ಮೇಲೆ ನಡೆಯುವ ಗುಟ್ಟೂ ಇದೇ. ದಿನವಿಡೀ ಅದು ಬ್ಲೂಟೂತ್‌ನಲ್ಲಿ ಕೂಗುತ್ತಿರುತ್ತದೆ. ನೀವು ಹುಡುಕಲು ಹೊರಟಾಗ ಮಾತ್ರ ಯುಡಬ್ಲ್ಯೂಬಿ ಎಚ್ಚರವಾಗುತ್ತದೆ. ಹಾಗಾಗಿ "ಬ್ಲೂಟೂತ್ ಬೇಕೋ ಯುಡಬ್ಲ್ಯೂಬಿ ಬೇಕೋ" ಎಂಬ ವಾದಕ್ಕೆ ಅರ್ಥ ಕಡಿಮೆ. ಬ್ಲೂಟೂತ್ ಹೇಗೂ ಬರೆಯಬೇಕು. ಅದರ ಮೇಲೆ ಇನ್ನೊಂದು ಪದರ ಬೇಕೋ ಬೇಡವೋ ಎನ್ನುವುದಷ್ಟೇ ಪ್ರಶ್ನೆ.

ದಿಕ್ಕು ಹೇಳುವ ವಿಷಯದಲ್ಲಿ ಫೋನ್‌ನಿಂದ ಫೋನ್‌ಗೆ ವ್ಯತ್ಯಾಸ ಇದೆ. ಎಲ್ಲ ಮಾದರಿಗಳಲ್ಲೂ ರೇಡಿಯೊ ಒಂದರಿಂದಲೇ ದಿಕ್ಕು ಸಿಗುತ್ತದೆ ಎಂದುಕೊಳ್ಳಬೇಡಿ. ಈ ಫೋನ್‌ಗೆ ಏನೇನು ಬರುತ್ತದೆ ಎಂದು ಕೋಡ್‌ನಲ್ಲೇ ಕೇಳುವ ವ್ಯವಸ್ಥೆ ಇದೆ. ಕೇಳಿ, ಉತ್ತರ ನೋಡಿ, ಆಮೇಲೆ ಬಾಣದ ಗುರುತು ತೋರಿಸಿ.

ಈಗ ಬಂದಿರುವ ಮೂರನೆಯವನು

2024ರ ಸೆಪ್ಟೆಂಬರ್‌ನಲ್ಲಿ ಬ್ಲೂಟೂತ್ 6.0 ಬಂತು. ಅದರೊಳಗೆ ಚಾನೆಲ್ ಸೌಂಡಿಂಗ್ ಎಂಬ ಹೊಸ ಅಳತೆ ಇದೆ. ಈಗ ಹೊಸ ಯೋಜನೆ ಶುರು ಮಾಡುವವರು ಆಯ್ಕೆಯಲ್ಲಿ ತಡವರಿಸುತ್ತಿರುವುದಕ್ಕೆ ಮುಖ್ಯ ಕಾರಣ ಇದು. ಮಾಮೂಲಿ ಬ್ಲೂಟೂತ್ ಬ್ಯಾಂಡ್‌ನಲ್ಲೇ ನಿಜವಾದ ದೂರ ಸಿಗುವುದಾದರೆ ಯುಡಬ್ಲ್ಯೂಬಿ ಚಿಪ್ ಯಾಕೆ?

ಅದು ಕೆಲಸ ಮಾಡುವ ರೀತಿ ಹೀಗೆ. ಬೇರೆ ಬೇರೆ ಗಾತ್ರದ ಎರಡು ಚಕ್ರಗಳನ್ನು ಒಂದೇ ಹಾದಿಯಲ್ಲಿ ಉರುಳಿಸಿ. ಎಷ್ಟು ಸುತ್ತು ಸುತ್ತಿದವು ಎಂದು ನೀವು ಎಣಿಸಿಲ್ಲ. ಕೊನೆಗೆ ಒಂದೊಂದರ ಮೇಲಿನ ಗೀಟು ಎಲ್ಲಿ ನಿಂತಿದೆ ಎಂದಷ್ಟೇ ಕಾಣುತ್ತದೆ. ಎರಡು ಗೀಟುಗಳ ನಡುವಿನ ವ್ಯತ್ಯಾಸದಿಂದ ಹಾದಿ ಎಷ್ಟು ಉದ್ದ ಎಂದು ಲೆಕ್ಕ ಹಾಕಬಹುದು. ಇಲ್ಲಿ ಚಕ್ರದ ಬದಲು ಹಲವಾರು ಚಾನೆಲ್‌ಗಳ ಅಲೆಗಳು, ಗೀಟಿನ ಬದಲು ಅಲೆಯ ಹಂತ (ಫೇಸ್), ಅಂದರೆ ತನ್ನ ಏರಿಳಿತದಲ್ಲಿ ಅಲೆ ಎಲ್ಲಿದೆ ಎನ್ನುವುದು. ಯಾರಾದರೂ ಮೋಸ ಮಾಡುತ್ತಿದ್ದಾರಾ ಎಂದು ನೋಡಲು ಹೋಗಿ ಬರುವ ಸಮಯವನ್ನೂ ಪಕ್ಕದಲ್ಲಿ ಅಳೆಯುತ್ತದೆ.

ಬಲದಿಂದ ಊಹಿಸುವುದಕ್ಕಿಂತ ಇದು ಬಹಳ ಮೇಲು. ಆದರೆ ಎರಡು ಮಾತು ನೆನಪಿರಲಿ. ಅಲೆ ಅದೇ 2.4 ಗಿಗಾಹರ್ಟ್ಸ್. ಮೈ ಹೀರುವುದು, ಗೋಡೆಗೆ ತಾಗಿ ಬಂದದ್ದು ಕಲಸಿಕೊಳ್ಳುವುದು ಎಲ್ಲ ಹಾಗೇ ಇದೆ. ತಾಗಿ ಬಂದ ಅಲೆಗಳನ್ನು ಬಿಡಿಸುವ ಗಣಿತ ಎಷ್ಟು ಚೆನ್ನಾಗಿದೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಅದು ಒಂದೊಂದು ಚಿಪ್‌ಗೆ ಒಂದೊಂದು ಥರ. ಎರಡನೆಯದು, ಇದಕ್ಕೆ ಎರಡು ಸಾಧನಗಳ ನಡುವೆ ಸಂಪರ್ಕ ಬೇಕು, ದೂರದಿಂದ ಕೂಗಿದ್ದನ್ನು ಕೇಳಿದರೆ ಸಾಲದು. ಒಂದು ಬಾಗಿಲು, ಒಂದು ಫೋನ್ ಎಂದಾದರೆ ಹೇಳಿ ಮಾಡಿಸಿದ್ದು. ಗೋದಾಮಿನಲ್ಲಿ ಸಾವಿರ ಟ್ಯಾಗ್‌ಗಳನ್ನು ಪ್ರತಿ ಸೆಕೆಂಡ್ ಅಳೆಯುವ ಯೋಜನೆಗೆ ಹೊಂದುವುದಿಲ್ಲ. ಇದಕ್ಕೂ ಮೊದಲು, 2019ರ ಬ್ಲೂಟೂತ್ 5.1ರಲ್ಲಿ, ಆಂಟೆನಾಗಳ ಸಾಲಿನಿಂದ ದಿಕ್ಕು ಕಂಡುಹಿಡಿಯುವ ಕ್ರಮ ಬಂದಿತ್ತು. ಚಾವಣಿಗೆ ಸ್ವಂತ ರಿಸೀವರ್ ಹಾಕುವವರಿಗೆ ಅದು ಈಗಲೂ ಒಳ್ಳೆಯದು. ಫೋನ್ ಆಪ್ ಬರೆಯುವವರ ಕೈಗೆ ಅದು ಬರಲೇ ಇಲ್ಲ.

ಆರ್‌ಎಫ್‌ಐಡಿ, ಎನ್‌ಎಫ್‌ಸಿ, ವೈಫೈ

1945ರಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಮರದ ಒಂದು ಕೆತ್ತನೆ ಉಡುಗೊರೆಯಾಗಿ ಬಂತು. ಒಳಗೆ ಕದ್ದು ಕೇಳುವ ಸಾಧನ ಇತ್ತು. ಬ್ಯಾಟರಿ ಇರಲಿಲ್ಲ. ಹೊರಗಿನಿಂದ ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. 1952ರವರೆಗೂ ಯಾರಿಗೂ ಗೊತ್ತಾಗಲಿಲ್ಲ. ಬ್ಯಾಟರಿ ಇಲ್ಲದ ಆರ್‌ಎಫ್‌ಐಡಿ ಟ್ಯಾಗ್‌ನ ಮೂಲ ಉಪಾಯವೂ ಅದೇ. ಶಕ್ತಿ ಕೊಡುವುದು ಟ್ಯಾಗ್ ಓದುವ ಸಾಧನ, ಅಂದರೆ ರೀಡರ್. ಟ್ಯಾಗ್ ಆ ಅಲೆಯನ್ನೇ ತಿರುಗಿಸಿ ತನ್ನ ಗುರುತು ಹೇಳುತ್ತದೆ.

ಯುಎಚ್ಎಫ್ ಆರ್‌ಎಫ್‌ಐಡಿ 860ರಿಂದ 960 ಮೆಗಾಹರ್ಟ್ಸ್ ನಡುವೆ, ದೇಶಕ್ಕೆ ತಕ್ಕ ಹಾಗೆ, ಕೆಲಸ ಮಾಡುತ್ತದೆ. ಕೆಲವು ಮೀಟರ್ ದೂರದಿಂದ ಸೆಕೆಂಡಿಗೆ ನೂರಾರು ಟ್ಯಾಗ್ ಓದುತ್ತದೆ. ಟ್ಯಾಗ್ ಬಿಸಾಡುವಷ್ಟು ಅಗ್ಗ, ರೀಡರ್ ಅಷ್ಟೇ ದುಬಾರಿ. ಇದರ ಸುಳ್ಳು "ಇಲ್ಲ" ಎನ್ನುವುದು. ಡಬ್ಬಿಯೊಳಗೆ ನೀರಿನ ಬಾಟಲಿ ಇದ್ದರೆ, ಟ್ಯಾಗ್ ಲೋಹಕ್ಕೆ ಅಂಟಿದ್ದರೆ, ಎರಡು ಟ್ಯಾಗ್ ಒಂದಕ್ಕೊಂದು ಒತ್ತಿಕೊಂಡಿದ್ದರೆ ಓದದೆ ಬಿಡಬಹುದು. ಆಗಾಗ ಉಲ್ಟಾ ಸುಳ್ಳೂ ಹೇಳುತ್ತದೆ, ಪಕ್ಕದ ಬಾಗಿಲಲ್ಲಿ ಹೋದ ಡಬ್ಬಿಯನ್ನೂ ಈ ಬಾಗಿಲಿನ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಇಲ್ಲಿ ಸಾಫ್ಟ್‌ವೇರ್‌ನ ನಿಜವಾದ ಕೆಲಸ ರೀಡರ್‌ನಿಂದ ಆಚೆ ಇದೆ. ಒಂದೇ ಟ್ಯಾಗ್‌ನ ನೂರು ಓದುಗಳನ್ನು ಒಂದು ಘಟನೆಯಾಗಿ ಕಟ್ಟಬೇಕು. ಒಂದು ಸಲ ಕಾಣಲಿಲ್ಲ ಎಂದು "ಕಳೆದಿದೆ" ಎಂದು ಬರೆಯಬಾರದು. ಯಾವ ಆಂಟೆನಾಗೆ ಮೊದಲು, ಯಾವುದಕ್ಕೆ ಆಮೇಲೆ ಕಂಡಿತು ಎಂದು ನೋಡಿದರೆ ಒಳಗೆ ಬಂತೋ ಹೊರಗೆ ಹೋಯಿತೋ ತಿಳಿಯುತ್ತದೆ. ಈ ನಿಯಮಗಳನ್ನು ಬರೆಯುವುದಕ್ಕೆ, ರೀಡರ್ ಜೋಡಿಸುವುದಕ್ಕಿಂತ ಜಾಸ್ತಿ ಸಮಯ ಇಟ್ಟುಕೊಳ್ಳಿ.

ಎನ್‌ಎಫ್‌ಸಿ ಕೂಡ ಅದೇ ಕುಟುಂಬ. 13.56 ಮೆಗಾಹರ್ಟ್ಸ್, ಕೆಲವೇ ಸೆಂಟಿಮೀಟರ್. ಇದು ಟ್ರ್ಯಾಕಿಂಗ್ ಹೌದೋ ಅಲ್ಲವೋ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕ ತಂತ್ರಜ್ಞಾನ ಅನ್ನಿಸುತ್ತದೆ. ತಾಗಿಸಿದರೆ ಇದೆ, ತಾಗಿಸದಿದ್ದರೆ ಇಲ್ಲ. ಅದರ ಒಂದೇ ತೊಂದರೆ, ಮನುಷ್ಯ ತಾಗಿಸುವುದನ್ನು ಮರೆಯುತ್ತಾನೆ. ಬರೀ ಗುರುತು ಹೇಳುವ ಟ್ಯಾಗ್ ಅನ್ನು ನಕಲು ಮಾಡಬಹುದು. ಭದ್ರತೆ ಬೇಕಿದ್ದರೆ ಪ್ರತಿ ಸಲ ಹೊಸ ಗುಪ್ತ ಸಂಕೇತ ಕೊಡುವ ಟ್ಯಾಗ್‌ಗಳು ಸಿಗುತ್ತವೆ, ಸರ್ವರ್‌ನಲ್ಲಿ ಪರೀಕ್ಷಿಸಿದರೆ ಆಯಿತು.

ವೈಫೈನಲ್ಲಿ ಹೋಗಿ ಬರುವ ಸಮಯ ಅಳೆಯುವ ವ್ಯವಸ್ಥೆ 2018ರಲ್ಲಿ ಆಂಡ್ರಾಯ್ಡ್ 9ಕ್ಕೆ ಬಂತು. ಒಂದೆರಡು ಮೀಟರ್ ಒಳಗೆ ಜಾಗ ಹೇಳಬಲ್ಲದು. ಅದಕ್ಕೆ ಒಪ್ಪುವ ಆಕ್ಸೆಸ್ ಪಾಯಿಂಟ್‌ಗಳು ಬೇಕು. ಐಫೋನ್ ಆಪ್‌ಗಳಿಗೆ ಇದು ಸಿಗುವುದಿಲ್ಲ. ಎಲ್ಲ ಫೋನ್‌ಗೂ ಆಪ್ ಮಾಡುವವರಿಗೆ ಮಾತು ಅಲ್ಲಿಗೇ ಮುಗಿಯಿತು.

ಯಾರು ಓಡಾಡುತ್ತಾರೆ, ಯಾರು ಕೇಳುತ್ತಾರೆ

ಬೀಕನ್ ಗೋಡೆಯ ಮೇಲಿದ್ದು ಫೋನ್ ಓಡಾಡಿದರೆ ಒಂದು ಥರದ ಸಾಫ್ಟ್‌ವೇರ್. ಟ್ಯಾಗ್ ಓಡಾಡಿ ಗೋಡೆಯ ಮೇಲಿನ ರಿಸೀವರ್ ಕೇಳಿದರೆ ಬೇರೆಯೇ ಸಾಫ್ಟ್‌ವೇರ್. ಮೊದಲನೆಯದರಲ್ಲಿ ಕಿವಿ ಬಳಕೆದಾರರದ್ದು. ಒಂದೊಂದು ಫೋನ್‌ನ ಆಂಟೆನಾ ಒಂದೊಂದು ಥರ, ಕವರ್ ಬೇರೆ, ಜೇಬು ಬೇರೆ, ಅನುಮತಿ ಕೊಟ್ಟವರು ಕೆಲವರು, ಕೊಡದವರು ಕೆಲವರು. ಒಳ್ಳೆಯ ಅಂಶ ಏನೆಂದರೆ, ಅವರು ಎಲ್ಲಿದ್ದಾರೆ ಎನ್ನುವ ವಿವರ ಅವರ ಫೋನ್‌ನಲ್ಲೇ ಉಳಿಯಬಹುದು. ಎರಡನೆಯದರಲ್ಲಿ ಕಿವಿ ನಿಮ್ಮದು. ಒಮ್ಮೆ ಅಳತೆ ಸರಿ ಮಾಡಿದರೆ ಹಾಗೇ ಇರುತ್ತದೆ, ಆಪರೇಟಿಂಗ್ ಸಿಸ್ಟಂನ ಕಾಟ ಇಲ್ಲ. ಆದರೆ ವೈರ್, ವಿದ್ಯುತ್, ರಿಸೀವರ್ ಕೆಟ್ಟರೆ ಗೊತ್ತಾಗುವ ವ್ಯವಸ್ಥೆ ಎಲ್ಲ ನಿಮ್ಮ ತಲೆಯ ಮೇಲೆ. ಎಲ್ಲರ ಓಡಾಟವೂ ನಿಮ್ಮ ಸರ್ವರ್‌ಗೆ ಬಂದು ಬೀಳುತ್ತದೆ, ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದಕ್ಕೂ ನೀವೇ ಹೊಣೆ. ಆಸ್ಪತ್ರೆಯ ಮಂಚ, ಕಾರ್ಖಾನೆಯ ಉಪಕರಣದಂಥ ವಸ್ತುಗಳಿಗೆ ಎರಡನೆಯದೇ ಸರಿ. ಮನುಷ್ಯರಿಗೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗುವ ಮುಂಚೆ ಚೆನ್ನಾಗಿ ಯೋಚಿಸಿ.

ಕೋಡ್ ಹೇಗಿರಬೇಕು ಎನ್ನುವುದರ ಬಗ್ಗೆ ನನಗೊಂದು ಹಟ ಇದೆ. ದೂರ ಎಂದು ಬರೀ ಒಂದು ಸಂಖ್ಯೆ ಎಲ್ಲಿಯೂ ಓಡಾಡಬಾರದು. ಅದರ ಜೊತೆ ಎಷ್ಟು ಆಚೀಚೆ ಇರಬಹುದು, ಯಾವ ರೇಡಿಯೊ ಹೇಳಿತು, ಯಾವಾಗ ಹೇಳಿತು ಎನ್ನುವುದೂ ಹೋಗಬೇಕು. "ಗೊತ್ತಿಲ್ಲ" ಎನ್ನುವುದು ಒಂದು ಸರಿಯಾದ ಉತ್ತರವಾಗಿರಬೇಕು. ಅದನ್ನು ಸೊನ್ನೆ ಎಂದೋ, ಹಿಂದಿನ ಅಳತೆಯನ್ನೇ ಮತ್ತೆ ಕೊಟ್ಟೋ ಮುಚ್ಚಿದರೆ ಮುಂದೆ ಯಾರೋ ಅದನ್ನು ನಂಬಿ ಬಾಗಿಲು ತೆರೆಯುತ್ತಾರೆ. ಆಂಡ್ರಾಯ್ಡ್ 16ರಲ್ಲಿ ಯುಡಬ್ಲ್ಯೂಬಿ, ಚಾನೆಲ್ ಸೌಂಡಿಂಗ್, ವೈಫೈ ಸಮಯ, ಬ್ಲೂಟೂತ್ ಬಲ ನಾಲ್ಕನ್ನೂ ಒಂದೇ ಎಪಿಐ (ಆಪ್ ಸಿಸ್ಟಂ ಅನ್ನು ಕೇಳುವ ದಾರಿ) ಅಡಿಯಲ್ಲಿ ತಂದಿದ್ದಾರೆ. ಕೆಲಸ ಸುಲಭವಾಗಿದೆ, ಖುಷಿಯೇ. ಆದರೆ ನಾಲ್ಕರ ಸುಳ್ಳೂ ಬೇರೆ ಬೇರೆ. ಯುಡಬ್ಲ್ಯೂಬಿ ಹೇಳಿದ 2 ಮೀಟರ್ ಮತ್ತು ಸಿಗ್ನಲ್‌ನ ಬಲ ನೋಡಿ ಊಹಿಸಿದ 2 ಮೀಟರ್ ಒಂದೇ ಥರ ಕಾಣುತ್ತವೆ ಎನ್ನುವುದೇ ಅದರ ಅಪಾಯ. ಬೀಗ ತೆಗೆಯುವ ಆಪ್ ಆದರೆ ಎರಡನೆಯದನ್ನು ಒಪ್ಪಲೇಬಾರದು. ಪಟ್ಟಿಯಲ್ಲಿ ಹತ್ತಿರದ ಸ್ಪೀಕರ್ ಅನ್ನು ಮೇಲೆ ತೋರಿಸುವುದಷ್ಟೇ ಕೆಲಸವಾದರೆ ಯಾವುದಾದರೂ ನಡೆದೀತು, ತಪ್ಪಿದರೆ ಬಳಕೆದಾರ ಎರಡನೆಯ ಸಾಲು ಒತ್ತುತ್ತಾನೆ.

ಆ ಪ್ರದರ್ಶನದ ಹಾಲಿನಲ್ಲಿ ಕೊನೆಗೆ ನಾವು ಮಾಡಿದ್ದೂ ಹೆಚ್ಚುಕಡಿಮೆ ಇದೇ. ಬೀಕನ್‌ಗಳನ್ನು ಗೋಡೆಯಿಂದ ಕಿತ್ತು ತಲೆಗಳಿಗಿಂತ ಮೇಲೆ, ಚಾವಣಿಗೆ ಹಾಕಿದೆವು. ಮೀಟರ್ ಲೆಕ್ಕ ತೆಗೆದುಹಾಕಿದೆವು. ಒಂದೇ ವಸ್ತುವನ್ನು ತಾನಾಗಿ ತೆರೆಯುವ ಬದಲು, ಆಸುಪಾಸಿನ ಮೂರನ್ನು ಚಿತ್ರದ ಸಮೇತ ತೋರಿಸಿ ಆರಿಸಲು ಬಿಟ್ಟೆವು. ಪ್ರತಿ ವಸ್ತುವಿನ ಪಕ್ಕ ಒಂದು ಎನ್‌ಎಫ್‌ಸಿ ಚೀಟಿ ಅಂಟಿಸಿದೆವು. ದೂರು ನಿಂತಿತು. ಜನ ತುಂಬಿದ ಆ ಮೊದಲ ದಿನದ ಲಾಗ್ ಮಾತ್ರ ನನ್ನ ಹತ್ತಿರ ಇನ್ನೂ ಇದೆ. ಯಾವ ಹೊಸ ಫಿಲ್ಟರ್ ಬರೆದರೂ ಮೊದಲು ಅದರ ಮೇಲೆ ಓಡಿಸುತ್ತೇನೆ. ಇಲ್ಲಿಯವರೆಗೆ ಬರೆದದ್ದರಲ್ಲಿ ಒಂದೂ ಅಲ್ಲಿ ಪೂರ್ತಿ ಪಾಸಾಗಿಲ್ಲ.